ಹತ್ತೊಂಬತ್ತನೇ ಗೇಟು ಮಗುವಿನ ಹೊಟ್ಟೆಯಲ್ಲೂ ಇದೆ!

ಒಂದು ಪಂಥ ಕಟ್ಟೋಣ ಬನ್ನಿ.

ನಡುರಾತ್ರಿ, ತೋರಣಗಲ್ಲು. ಉಕ್ಕಿನ ಕಾರ್ಖಾನೆಯ ಕೆಂಪು ಬೆಳಕು ಮುಗಿಲಿಗೆ ಬಳಿದುಕೊಂಡಿದೆ. ತುರ್ತು ಚಿಕಿತ್ಸೆಯ ಕೋಣೆಗೆ ಒಬ್ಬ ತಾಯಿ ಓಡಿ ಬರುತ್ತಾಳೆ. ಹೆಗಲ ಮೇಲೆ ಕೂಸು. ಸುಮಾರು ಹತ್ತು ಕಿಲೋ ತೂಕ. ಸೀರೆಯ ಸೆರಗೆಲ್ಲ ಒದ್ದೆ. ಹೀಗೊಂದು ದೃಶ್ಯ ಊಹಿಸಿಕೊಳ್ಳಿ. ಸಂಡೂರು, ಕಂಪ್ಲಿ, ಹೊಸಪೇಟೆ ಕಡೆಯವರಿಗೆ ಊಹೆ ಕಷ್ಟವೇನಲ್ಲ!

"ನೀರ್ ಕುಡಿಸಿದ್ರ ಸೈತ ಕಕ್ತೈತ್ರೀ! ಏನೂ ನಿಲ್ವಲ್ದು! ಒಂದ್ ಬಾಟ್ಲಿ ಹಾಕ್ರಿ!"

ಬಾಟ್ಲಿ ಅಂದರೆ ಗೊತ್ತಲ್ಲ? ಗ್ಲೂಕೋಸು. ಡ್ರಿಪ್ಪು. ನಮ್ಮ ಸೀಮೆಯಲ್ಲಿ ಬಾಟ್ಲಿ ಏರಿಸದ ಡಾಕ್ಟರು ಡಾಕ್ಟರೇ ಅಲ್ಲ!

ಈಗ ಹೇಳಿ. ಆ ಕೂಸಿಗೆ ಮೊದಲು ಏನು ಕೊಡಬೇಕು? ಡ್ರಿಪ್ಪಾ? ಇಂಜೆಕ್ಷನ್ನಾ? ಆಂಟಿಬಯೋಟಿಕ್ಕಾ?

ಮೂರೂ ಅಲ್ಲ!

ಒಂದು ಪುಟ್ಟ ಮಾತ್ರೆ. ನುಂಗುವುದೂ ಬೇಡ. ನಾಲಿಗೆ ಮೇಲೆ ಇಟ್ಟರೆ ಸಾಕು, ಬತಾಸಿನ ಹಾಗೆ ಕರಗಿ ಮಾಯ! ಅದರೊಳಗಿನ ಔಷಧಿ ಎಷ್ಟು ಗೊತ್ತೇ? 2 ಮಿಲಿಗ್ರಾಂ. ಕಂಪ್ಲಿಯ ಸೋನಾ ಮಸೂರಿ ಅಕ್ಕಿ ಇದೆಯಲ್ಲ, ಅದರ ಒಂದೇ ಒಂದು ಕಾಳನ್ನು ಐದಾರು ಚೂರು ಮಾಡಿ. ಅದರಲ್ಲೊಂದು ಚೂರನ್ನು ಬೆರಳ ತುದಿಯಲ್ಲಿ ಎತ್ತಿಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ತೂಕ!

ಅಷ್ಟರಿಂದ ಹತ್ತು ಕಿಲೋ ಕೂಸಿನ ವಾಂತಿ ನಿಲ್ಲುತ್ತದೆಯೇ? ನಾನೂ ನಂಬಿರಲಿಲ್ಲ. ಹೇಗೆಂದು ತಿಳಿದ ದಿನ ಮಾತ್ರ ನಿದ್ದೆ ಬರಲಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದೇನೆ!

ಎರಡನೇ ಪಂಥ. ವಾಂತಿ ಎಲ್ಲಿ ಹುಟ್ಟುತ್ತದೆ?

"ಹೊಟ್ಟೇಲಿ" ಅಂದಿರಾ? ಸೋತಿರಿ!

ಜಠರ ಪಾಪ, ಬರೀ ಚೀಲ. ವಾಂತಿಯ ಹೊತ್ತಿನಲ್ಲಿ ಅದು ಸಡಿಲಾಗಿ ಬಿದ್ದುಕೊಂಡಿರುತ್ತದೆ. ಒಳಗಿದ್ದದ್ದನ್ನು ಹೊರಗೆ ಚಿಮ್ಮಿಸುವುದು ಎದೆಗೂ ಹೊಟ್ಟೆಗೂ ನಡುವಿನ ವಪೆ ಮತ್ತು ಹೊಟ್ಟೆಯ ಗೋಡೆಯ ಸ್ನಾಯುಗಳು. ಅದಕ್ಕೂ ಮೊದಲು ಸಣ್ಣ ಕರುಳಿನಲ್ಲಿ ಒಂದು ದೊಡ್ಡ ಅಲೆ ಏಳುತ್ತದೆ. ಉಲ್ಟಾ ಅಲೆ! ಕೆಳಗೆ ಹೋಗಬೇಕಾದದ್ದನ್ನೆಲ್ಲ ಮೇಲಕ್ಕೆ ತಳ್ಳುತ್ತದೆ.

ವಾಂತಿಗೆ ಮುಂಚೆ ಬಾಯಲ್ಲಿ ನೀರೂರುವುದನ್ನು ಗಮನಿಸಿದ್ದೀರಾ? ಅದೂ ಸುಮ್ಮನೆ ಅಲ್ಲ! ಮೇಲೆ ಬರಲಿರುವ ಆಮ್ಲದಿಂದ ಹಲ್ಲುಗಳನ್ನು ಕಾಪಾಡಲು ಜೊಲ್ಲಿನ ಪಹರೆ! ಉಸಿರುನಾಳದ ಬಾಗಿಲೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಂಥ ಶಿಸ್ತು! ನಾವು ಗಲೀಜು ಅಂದುಕೊಂಡದ್ದು ಕವಾಯತು!

ಈ ಕವಾಯತಿಗೆ ಆಜ್ಞೆ ಕೊಡುವುದು ಕತ್ತಿನ ಮೇಲೆ, ಮಿದುಳಿನ ಬುಡದಲ್ಲಿ ಕೂತ ಒಂದು ಠಾಣೆ. ಆದರೆ ಠಾಣೆಗೆ ದೂರು ಕೊಟ್ಟವರು ಯಾರು?

ಸೆರೊಟೋನಿನ್!

ಹೌದು, ಅದೇ. ಖುಷಿಯ ರಾಸಾಯನಿಕ ಅಂತ ಎಲ್ಲರೂ ಕೊಂಡಾಡುವ ಸೆರೊಟೋನಿನ್. ಮಿದುಳಿನದು ಅಂದುಕೊಂಡಿದ್ದಿರಿ ತಾನೇ? ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ಕ್ಕೂ ಹೆಚ್ಚು ಇರುವುದು ಕರುಳಿನಲ್ಲಿ! ಕರುಳಿನ ಒಳಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಚದುರಿ ಕೂತ ಕಾವಲು ಕೋಶಗಳು ಅದನ್ನು ಮೂಟೆ ಕಟ್ಟಿ ಇಟ್ಟುಕೊಂಡಿರುತ್ತವೆ.

ರೋಟಾವೈರಸ್ ಬಂತು ಅನ್ನಿ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಮಕ್ಕಳ ಕರುಳಿನಲ್ಲಿ ಕಂಡುಹಿಡಿದ, ಗಾಡಿಚಕ್ರದಂಥ ವೈರಸ್ಸು. ಅಗಲ ಸುಮಾರು 70 ನ್ಯಾನೋಮೀಟರ್. ಅದು ಕಾವಲು ಕೋಶವನ್ನು ಮುಟ್ಟುತ್ತದೆ. ಕೋಶ ಬೆದರಿ ಮೂಟೆ ಬಿಚ್ಚುತ್ತದೆ. ಸೆರೊಟೋನಿನ್ ಚೆಲ್ಲಾಪಿಲ್ಲಿ! ಸ್ವೀಡನ್ನಿನ ವಿಜ್ಞಾನಿಗಳು 2011ರಲ್ಲಿ ಇದನ್ನು ತೋರಿಸಿಕೊಟ್ಟರು.

ಚೆಲ್ಲಿದ ಸೆರೊಟೋನಿನ್ ಪಕ್ಕದ ನರದ ತುದಿಗೆ ಹೋಗಿ ಬಾಗಿಲು ತಟ್ಟುತ್ತದೆ. ಆ ಬಾಗಿಲ ರಚನೆ ಕೇಳಿ! ಐದು ಪ್ರೋಟೀನ್ ಕಂಬಗಳು ವೃತ್ತಾಕಾರವಾಗಿ ನಿಂತಿವೆ. ನಡುವೆ ಕಿರುದಾರಿ. ಸೆರೊಟೋನಿನ್ ಕಂಬಗಳ ಸಂದಿಗೆ ಬಂದು ಕೂತರೆ ದಾರಿ ತೆರೆಯಿತು. ಸಂದೇಶ ಹರಿಯಿತು. ಕೂಸು ಕಕ್ಕಿತು!

ಐದು ಕಂಬದ ತೋರಣ! ಊರ ಹೆಸರಿಗೂ ಕರುಳಿಗೂ ನಂಟು ಹಚ್ಚುತ್ತಿದ್ದೇನೆ ಅಂತ ನಗಬೇಡಿ. ಇನ್ನೂ ದೊಡ್ಡ ನಂಟು ಮುಂದಿದೆ.

2024ರ ಆಗಸ್ಟ್ 10. ರಾತ್ರಿ. ನೆನಪಿದೆಯಲ್ಲ? ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಯಿತು. ಗೇಟೇ ಕೊಚ್ಚಿಹೋಯಿತು! ತುಂಬಿ ನಿಂತಿದ್ದ ನೀರು ಧೋ ಎಂದು ನದಿಗೆ. ಇಡೀ ಹೊಸಪೇಟೆಯ ಎದೆ ಡವಡವ.

ಆಗ ಏನು ಮಾಡಿದರು? ಮೇಲಿನಿಂದ ಇನ್ನಷ್ಟು ನೀರು ತಂದು ತುಂಬಿದರೇ? ಯಾರಾದರೂ ಹಾಗೆ ಮಾಡುತ್ತಾರೆಯೇ? ಉಕ್ಕಿನ ಹಲಗೆಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿದರು. ಸ್ಟಾಪ್‌ಲಾಗ್! ಐದು ತುಂಡು. ಗೇಟು ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತರು. ಹಲಗೆ ಮಾಡುವ ಕೆಲಸಕ್ಕೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯೂ ಕೈಜೋಡಿಸಿತು. ವಾರದೊಳಗೆ ನೀರು ನಿಂತಿತು!

ಆ 2 ಮಿಲಿಗ್ರಾಂ ಮಾತ್ರೆ ಮಾಡುವುದೂ ಇದನ್ನೇ! ಹೆಸರು ಒಂಡಾನ್‌ಸೆಟ್ರಾನ್. ಎಮ್‌ಸೆಟ್, ಒಂಡೆಮ್ ಅಂದರೆ ನಿಮಗೆ ಪಟ್ಟನೆ ಗುರುತು ಸಿಗಬಹುದು. ಐದು ಕಂಬದ ಸಂದಿಯಲ್ಲಿ ಸೆರೊಟೋನಿನ್ ಕೂರಬೇಕಾದ ಜಾಗಕ್ಕೆ ಇದು ಮೊದಲೇ ಹೋಗಿ ಕೂತುಬಿಡುತ್ತದೆ. ವೈರಸ್ ಸತ್ತಿಲ್ಲ. ಸೆರೊಟೋನಿನ್ ಚೆಲ್ಲುವುದೂ ನಿಂತಿಲ್ಲ. ಪ್ರವಾಹ ಇದ್ದೇ ಇದೆ. ಗೇಟು ಮಾತ್ರ ಬಂದ್!

ಇದು ಮಕ್ಕಳಿಗಾಗಿ ಹುಟ್ಟಿದ ಔಷಧಿ ಅಂದುಕೊಂಡಿರಾ? ಅಲ್ಲವೇ ಅಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರಿಗೆ! ಕೀಮೋ ತೆಗೆದುಕೊಂಡವರು ದಿನಗಟ್ಟಲೆ ಕಕ್ಕಿ ಕಕ್ಕಿ ಚಿಕಿತ್ಸೆಯೇ ಬೇಡವೆನ್ನುತ್ತಿದ್ದ ಕಾಲ. ಬ್ರಿಟನ್ನಿನ ಗ್ಲ್ಯಾಕ್ಸೊ ಕಂಪನಿ ಇದನ್ನು ರೂಪಿಸಿತು. ಅಮೆರಿಕದಲ್ಲಿ 1991ರಲ್ಲಿ ಪರವಾನಗಿ ಸಿಕ್ಕಿತು. ಇಂಥ ಔಷಧಿಗಳನ್ನು ಪರೀಕ್ಷಿಸಲು ಇಲಿ ಪ್ರಯೋಜನಕ್ಕೆ ಬರಲಿಲ್ಲ. ಏಕೆ ಹೇಳಿ ನೋಡೋಣ?

ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ! ಕುದುರೆಗೂ ಬರುವುದಿಲ್ಲ! ಹಾಗಾಗಿ ಫೆರೆಟ್ ಎಂಬ, ನೋಡಲು ನಮ್ಮ ಮುಂಗುಸಿಯಂಥ ಪ್ರಾಣಿಯ ಮೊರೆ ಹೋದರು. ವಾಂತಿಯ ವಿಜ್ಞಾನ ಆ ಪುಟ್ಟ ಪ್ರಾಣಿಗೆ ಎಷ್ಟು ಋಣಿಯೋ!

ಅದಕ್ಕೂ ಹಿಂದೆ ಮಕ್ಕಳಿಗೆ ಏನು ಕೊಡುತ್ತಿದ್ದರು? ಮೆಟೊಕ್ಲೋಪ್ರಮೈಡ್‌ನಂಥ ಹಳೆಯ ಔಷಧಿಗಳು. ವಾಂತಿ ನಿಲ್ಲಿಸುತ್ತಿದ್ದವು, ಸರಿ. ಆದರೆ ಕೆಲವು ಮಕ್ಕಳಿಗೆ ಕತ್ತು ಒಂದು ಕಡೆ ತಿರುಚಿಕೊಳ್ಳುತ್ತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ನಾಲಿಗೆ ಹೊರಗೆ! ಮನೆಯವರು ಗಾಳಿ ಮೆಟ್ಟಿತು ಅಂತ ಬೆದರದೆ ಇನ್ನೇನು ಮಾಡಿಯಾರು? ಈ ಔಷಧಿಗಳು ಮಿದುಳಿನ ಡೋಪಮೀನ್ ಬಾಗಿಲನ್ನೂ ಮುಚ್ಚುತ್ತಿದ್ದವು, ಅದರ ಫಲ. ಒಂಡಾನ್‌ಸೆಟ್ರಾನ್ ಆ ಬಾಗಿಲ ತಂಟೆಗೇ ಹೋಗುವುದಿಲ್ಲ.

ಈಗ ಅಂಕಿಗಳಿಗೆ ಬರೋಣ. ಇಷ್ಟು ಹೊತ್ತು ಬೇಕೆಂದೇ ಮುಚ್ಚಿಟ್ಟಿದ್ದೆ!

ಶಿಕಾಗೋದ ಒಂದು ಮಕ್ಕಳ ತುರ್ತು ಚಿಕಿತ್ಸಾ ಘಟಕ. ಕಕ್ಕುತ್ತ ಬಂದ 215 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ನಾಲಿಗೆಯ ಮೇಲೆ ಕರಗುವ ಒಂದೇ ಒಂದು ಮಾತ್ರೆ. ಉಳಿದವರಿಗೆ ಅದೇ ರೂಪದ ಹುಸಿಮಾತ್ರೆ. ಆಮೇಲೆ ಎಲ್ಲರಿಗೂ ಓಆರ್‌ಎಸ್. ಹುಸಿಮಾತ್ರೆಯವರಲ್ಲಿ ನೂರಕ್ಕೆ 35 ಮಕ್ಕಳು ಮತ್ತೆ ಕಕ್ಕಿದರು. ಅಸಲಿ ಮಾತ್ರೆಯವರಲ್ಲಿ ಎಷ್ಟು?

ಮೂವತ್ತು? ಇಪ್ಪತ್ತು?

ಹದಿನಾಲ್ಕು!

ಡ್ರಿಪ್ ಬೇಕಾದವರು ಎಷ್ಟು? ಅಲ್ಲಿ ನೂರಕ್ಕೆ 31. ಇಲ್ಲಿ 14. ಒಂದೇ ಮಾತ್ರೆ, ಸೂಜಿ ಚುಚ್ಚಿಸಿಕೊಳ್ಳುವ ಮಕ್ಕಳ ಸಾಲು ಅರ್ಧಕ್ಕಿಂತ ಕಡಿಮೆ! ಸ್ಟೀಫನ್ ಫ್ರೀಡ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದು.

"ಅದು ಅಮೆರಿಕಾ ಸ್ವಾಮಿ, ನಮ್ಮ ಮಕ್ಕಳ ಕಥೆ ಬೇರೆ" ಅಂತೀರಾ? ದೆಹಲಿಗೆ ಬನ್ನಿ. ಐದು ವರ್ಷದೊಳಗಿನ 170 ಮಕ್ಕಳು, ವಾಂತಿಭೇದಿಯಿಂದ ಮೈಯ ನೀರು ಕಳೆದುಕೊಂಡು ಸೊರಗಿದವರು. ಹುಸಿಮಾತ್ರೆ ಪಡೆದವರಲ್ಲಿ ಬಾಯಿಯ ಮೂಲಕ ದ್ರವ ತುಂಬುವ ಪ್ರಯತ್ನ ಶೇಕಡಾ 62 ಮಕ್ಕಳಲ್ಲಿ ಸೋತಿತು. ಒಂಡಾನ್‌ಸೆಟ್ರಾನ್ ಪಡೆದವರಲ್ಲಿ? 31! ಕರಾರುವಾಕ್ಕಾಗಿ ಅರ್ಧ! 2016ರಲ್ಲಿ ಬಂದ ಫಲಿತಾಂಶ.

ಕೆನಡಾದ್ದು ಇನ್ನೂ ಬಿಸಿಬಿಸಿ. 2025ರ ಜುಲೈ. ಆರು ಮಕ್ಕಳ ತುರ್ತು ಘಟಕ, 1,030 ಮಕ್ಕಳು. ಈ ಬಾರಿ ಮನೆಗೆ ಹೊರಟಾಗ ಕೈಯಲ್ಲಿ ಆರು ಡೋಸು ಕೊಟ್ಟು, ಮತ್ತೆ ವಾಂತಿಯಾದರೆ ಕೊಡಿ ಅಂದರು. ಮುಂದಿನ ಏಳು ದಿನದಲ್ಲಿ ಕಾಯಿಲೆ ಜೋರಾದದ್ದು ಹುಸಿಮದ್ದಿನವರಲ್ಲಿ ಶೇಕಡಾ 12.5, ಅಸಲಿಯವರಲ್ಲಿ 5.1.

ಆದರೆ ತಡೆಯಿರಿ! ಇಲ್ಲಿವರೆಗೆ ಅರ್ಧ ಅಚ್ಚರಿ. ಮಾತ್ರೆ ಗೇಟು ಮುಚ್ಚಿತು, ನಿಜ. ಖಾಲಿಯಾದ ಜಲಾಶಯ ತುಂಬುವವರು ಯಾರು?

ಚಮಚ!

ನಗಬೇಡಿ. ನಾನು ಅಡುಗೆಮನೆಯಲ್ಲಿ ಗಡಿಯಾರದ ಎದುರು ಕೂತು ಲೆಕ್ಕ ಹಾಕಿದ್ದೇನೆ. ಒಂದು ತಂಬಿಗೆ. ಒಂದು 5 ಮಿಲಿಲೀಟರ್ ಚಮಚ. ನಿಮಿಷಕ್ಕೆ ಒಂದೇ ಚಮಚ ನೀರು ತಂಬಿಗೆಗೆ. ಅಬ್ಬಾ, ಎಂಥ ಬೇಜಾರು ಕೆಲಸ! ಹತ್ತು ನಿಮಿಷಕ್ಕೆ ತಂಬಿಗೆಯ ತಳ ಸಹ ನೆಟ್ಟಗೆ ಮುಚ್ಚಿರಲಿಲ್ಲ. ನಡುವೆ ಎರಡು ಫೋನು ಬಂದವು, ಎತ್ತಲಿಲ್ಲ. ಒಂದು ಗಂಟೆಯಾದ ಮೇಲೆ ಅಳೆದೆ.

300 ಮಿಲಿಲೀಟರ್!

ನಮ್ಮ ಹತ್ತು ಕಿಲೋ ಕೂಸು ಸಾಧಾರಣ ಸೊರಗಿದ್ದರೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಕಿಲೋಗೆ 75 ಮಿಲಿಲೀಟರ್, ನಾಲ್ಕು ಗಂಟೆಯಲ್ಲಿ. ಅಂದರೆ 750. ಚಮಚಕ್ಕೆ ಎರಡೂವರೆ ಗಂಟೆಯ ಕೆಲಸ! ಇನ್ನೂ ಒಂದೂವರೆ ಗಂಟೆ ಮಿಕ್ಕಿತು! ಮಧ್ಯೆ ಕಕ್ಕಿದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಲು ಸಮಯ ಸಾಕಷ್ಟಿದೆ.

ತಾಯಂದಿರು ಸೋಲುವುದು ಎಲ್ಲಿ ಗೊತ್ತೇ? ಬಾಯಾರಿದ ಕೂಸು ಲೋಟ ಕಸಿದುಕೊಂಡು ಗಟಗಟ ಎತ್ತಿಬಿಡುತ್ತದೆ. ಕೆರಳಿದ ಹೊಟ್ಟೆಗೆ ಅಷ್ಟೂ ಒಮ್ಮೆಲೇ ಬಿದ್ದರೆ ಅಷ್ಟೂ ಒಮ್ಮೆಲೇ ಆಚೆ! "ಏನೂ ನಿಲ್ವಲ್ದು" ಅನ್ನುವ ಮಾತು ಹುಟ್ಟುವುದು ಅಲ್ಲೇ. ಲೋಟವನ್ನು ಕಣ್ಣಿಗೆ ಕಾಣದ ಕಡೆ ಇಡಿ. ಚಮಚ ಮಾತ್ರ ತೋರಿಸಿ!

ಬರೀ ನೀರು ಕೊಟ್ಟರೆ ಆಗದೇ? ಆಗದು! ಕರುಳಿನಲ್ಲಿ ಇನ್ನೊಂದು ಬಾಗಿಲಿದೆ. ಇದು ಇನ್ನೂ ಚಂದ. ಉಪ್ಪು ಒಂದೇ ಬಂದರೆ ತೆರೆಯದು. ಸಕ್ಕರೆ ಒಂದೇ ಬಂದರೂ ತೆರೆಯದು. ಇಬ್ಬರೂ ಕೈಹಿಡಿದು ಬಂದರೆ ಮಾತ್ರ ಒಳಗೆ ಪ್ರವೇಶ, ದಂಪತಿಗಳಿಗೆ ಮಾತ್ರ ಊಟ ಅನ್ನುವ ಹಾಗೆ! ಎರಡು ಸೋಡಿಯಂ, ಒಂದು ಗ್ಲೂಕೋಸ್. ಅವು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಈ ಜೋಡಿ ಬಾಗಿಲಿನ ಸುಳಿವು ಕೊಟ್ಟ.

ಓಆರ್‌ಎಸ್ ಪೊಟ್ಟಣ ಅಂದರೆ ಆ ಬಾಗಿಲ ಬೀಗದ ಕೈ! ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಒಟ್ಟು 20.5 ಗ್ರಾಂ. 2002ರಲ್ಲಿ ಉಪ್ಪು, ಸಕ್ಕರೆ ಎರಡನ್ನೂ ಸ್ವಲ್ಪ ಇಳಿಸಿದ ಸೂತ್ರ ಇದು. ಇಳಿಸಿದ್ದರಿಂದಲೇ ವಾಂತಿ ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತು! ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಸೂತ್ರ ಕೆಟ್ಟು ಕೂಸಿಗೇ ಅಪಾಯ. ಇನ್ನು ಡಬ್ಬಿಯ ಮೇಲೆ ಓಆರ್‌ಎಸ್ ಅಂತ ಬರೆದುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳ ಕಥೆ ಬೇರೆಯೇ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ಸೂತ್ರ ಪಾಲಿಸದ ಪಾನೀಯಗಳ ಮೇಲೆ ಆ ಮೂರಕ್ಷರ ಇರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದು 2025ರ ಅಕ್ಟೋಬರ್‌ನಲ್ಲಿ!

ಈಗ ಕಟ್ಟಕಡೆಯ, ನನ್ನ ಅತಿ ಮೆಚ್ಚಿನ ಪಂಥ. ವಾಂತಿ ನಿಲ್ಲಿಸು, ಆಮೇಲೆ ಬಾಯಿಂದಲೇ ನೀರು ತುಂಬು. ಈ ಜೋಡಿ ಉಪಾಯ ಶಿಕಾಗೋದಲ್ಲಿ ಹುಟ್ಟಿತೇ?

ಇಲ್ಲ! ಕಲ್ಕತ್ತಾದಲ್ಲಿ! 53 ವರ್ಷ ಮುಂಚೆ!

1953. ನಮ್ಮ ತುಂಗಭದ್ರಾ ಅಣೆಕಟ್ಟು ಪೂರ್ತಿಯಾದ ವರ್ಷ. ಅದೇ ವರ್ಷ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಾಲರಾ ಬಂದ 186 ರೋಗಿಗಳ ಕಥೆ. ಶೀರ್ಷಿಕೆಯ ಮೊದಲ ಮಾತೇ ವಾಂತಿಯ ನಿಯಂತ್ರಣ! ಎರಡನೆಯ ಮಾತು, ಬಾಯಿಯ ಮೂಲಕ ದ್ರವ ತುಂಬುವುದು! ವಾಂತಿಗೆ ಅವೊಮಿನ್ ಮಾತ್ರೆ. ಕುಡಿಯಲು ಲೀಟರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ಕ್ರೇನ್ ಬಾಗಿಲಿನ ಸುಳಿವು ಕೊಡುವುದಕ್ಕೂ ಏಳು ವರ್ಷ ಮೊದಲೇ ಇವರು ಬೀಗ ತೆಗೆದು ಒಳಗೆ ಹೋಗಿಬಿಟ್ಟಿದ್ದರು! ಹೋಲಿಸಿ ನೋಡಲು ಬೇರೊಂದು ಗುಂಪು ಇಟ್ಟುಕೊಂಡಿರಲಿಲ್ಲ ಎಂಬ ಆಕ್ಷೇಪ ಬಂತು, ಪ್ರಪಂಚ ಹೆಚ್ಚು ಕಿವಿಗೊಡಲಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಡ್ರಮ್ಮುಗಟ್ಟಲೆ ಉಪ್ಪು-ಸಕ್ಕರೆ ನೀರು ಕುಡಿಸಿ, ಸಾವನ್ನು ಶೇಕಡಾ 30ರಿಂದ 3.6ಕ್ಕೆ ಇಳಿಸಿದ ಮೇಲೆಯೇ ಲೋಕ ಕಣ್ಣು ಬಿಟ್ಟದ್ದು.

ಚಟರ್ಜಿಯವರ ಲೇಖನದಲ್ಲಿ ಇನ್ನೊಂದು ಮದ್ದಿದೆ. ಭೇದಿಗೆಂದು ಕೊಟ್ಟ ಒಂದು ಎಲೆಯ ರಸ. ಸಸ್ಯದ ಹೆಸರು ಕೋಲಿಯಸ್ ಅರೋಮ್ಯಾಟಿಕಸ್. ಎಲ್ಲಿಯೋ ಹಿಮಾಲಯದ ಮೂಲಿಕೆ ಇರಬೇಕು ಅಂದುಕೊಂಡು ಹುಡುಕಿದೆ. ಕನ್ನಡದಲ್ಲಿ ಏನನ್ನುತ್ತಾರೆ ನೋಡಿದೆ. ಕುರ್ಚಿಯಿಂದ ಎದ್ದು ಹಿತ್ತಿಲಿಗೆ ಓಡಿದೆ!

ದೊಡ್ಡಪತ್ರೆ!

ನಮ್ಮ ದೊಡ್ಡಪತ್ರೆ! ತಂಬುಳಿಯ ದೊಡ್ಡಪತ್ರೆ! ಕೆಮ್ಮಿದ ಮಗುವಿಗೆ ಅಜ್ಜಿ ಬೆಂಕಿಯಲ್ಲಿ ಬಾಡಿಸಿ ಹಿಂಡುತ್ತಿದ್ದ ದೊಡ್ಡಪತ್ರೆ, ಲಂಡನ್ನಿನ ಲ್ಯಾನ್ಸೆಟ್‌ನಲ್ಲಿ! ಅದು ಭೇದಿ ನಿಲ್ಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ, ಇವತ್ತಿನ ತುರ್ತು ಕೋಣೆಯಲ್ಲಿ ಅದಕ್ಕೆ ಜಾಗವೂ ಇಲ್ಲ. ಆದರೂ ಆ ದಪ್ಪ ಎಲೆ ಚಿವುಟಿ ಮೂಗಿಗೆ ಹಿಡಿದಾಗ ಮೈ ಜುಂ ಅಂದದ್ದು ಸುಳ್ಳಲ್ಲ.

ಈ ವಾಂತಿಭೇದಿಯ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರ ಇದೆ, ಗೊತ್ತೇ? ಕಾಯಿಲೆಯೇ ಬೀಳದೆ ರೋಟಾವೈರಸ್ ಹೊತ್ತುಕೊಂಡಿದ್ದ ನವಜಾತ ಶಿಶುಗಳು ಇಲ್ಲಿ ಸಿಕ್ಕವು! ಅದರ ಬೆನ್ನು ಹತ್ತಿದವರು ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್. ಆ ತಳಿ ಐ321. ಕಾಯಿಲೆ ಮಾಡದ ತಳಿಯೇ ಲಸಿಕೆಯಾಗಬಹುದಲ್ಲ! ಲಸಿಕೆಯ ಓಟದಲ್ಲಿ ಅದು ಹಿಂದೆ ಬಿತ್ತು, ದೆಹಲಿಯ ಏಮ್ಸ್‌ನ 116ಇ ತಳಿ ಗೆದ್ದು ರೋಟಾವ್ಯಾಕ್ ಲಸಿಕೆ ಆಯಿತು. ಇವತ್ತು ನಮ್ಮ ಅಂಗನವಾಡಿಗಳಲ್ಲಿ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಕೂಸಿನ ಬಾಯಿಗೆ ಬೀಳುವ ರೋಟಾ ಲಸಿಕೆಯ ಹಿಂದೆ ಇಂಥ ಓಟಗಳಿವೆ.

ಇಷ್ಟು ಕುಣಿದ ಮೇಲೆ ಒಂದು ನಿಮಿಷ ಕಾಲು ನೆಲಕ್ಕೆ ಊರುತ್ತೇನೆ. ಈ ಮಾತ್ರೆ ಮಂಡಕ್ಕಿ ಅಲ್ಲ. ಡೋಸು ಕೂಸಿನ ತೂಕ ನೋಡಿ ವೈದ್ಯರೇ ಹೇಳಬೇಕು. ಆರು ತಿಂಗಳೊಳಗಿನ ಕೂಸಿಗೆ, ಹೃದಯದ ಲಯದ ತೊಂದರೆ ಇರುವ ಮಗುವಿಗೆ ಇದು ಮನೆಮದ್ದಲ್ಲ. ಭೇದಿ ಸ್ವಲ್ಪ ಹೆಚ್ಚಬಹುದು. ಕರಾಚಿಯಲ್ಲಿ ಸೊರಗದ ಮಕ್ಕಳಿಗೆ ಕೊಟ್ಟು ನೋಡಿದಾಗ ಡ್ರಿಪ್ಪಿನ ಅಗತ್ಯವೇನೂ ತಗ್ಗಲಿಲ್ಲ. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಕೂಸು ಜೋಮು ಹಿಡಿದಂತೆ ಮಲಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಾದರೂ ಮಡಿಕೆ ನಿಂತೇ ಇದ್ದರೆ ಚಮಚ ಎಣಿಸುತ್ತ ಕೂರಬೇಡಿ, ಓಡಿ. ಆಗ ಬಾಟ್ಲಿಯೇ ಜೀವ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಜೀವಗಳನ್ನೇ ತೆಗೆದದ್ದು ಈ ಸೀಮೆ ಮರೆತಿಲ್ಲ.

ಸರಿ, ನಮ್ಮ ಕೂಸು ಏನಾಯಿತು?

ನಾಲಿಗೆ ಮೇಲೆ ಮಾತ್ರೆ ಕರಗಿದೆ. ಹದಿನೈದು, ಇಪ್ಪತ್ತು ನಿಮಿಷ ಕಳೆದಿದೆ. ಮೊದಲ ಚಮಚ. ತಾಯಿ ಉಸಿರು ಬಿಗಿಹಿಡಿದಿದ್ದಾಳೆ. ಎರಡು. ಮೂರು. ನರ್ಸಮ್ಮ ಗೋಡೆ ಗಡಿಯಾರದ ಕಡೆ ಬೆರಳು ತೋರಿಸುತ್ತಾಳೆ, ನಿಮಿಷಕ್ಕೊಂದು, ಅವಸರ ಬ್ಯಾಡ. ಹತ್ತು. ಹನ್ನೊಂದು. ಏನೂ ಹೊರಗೆ ಬರಲಿಲ್ಲ! ಇಪ್ಪತ್ತೈದು. ಹೊರಗೆ ಹೊಸಪೇಟೆ ಕಡೆಯ ರೈಲು ಕೂಗಿ ಹೋಯಿತು. ನಲವತ್ತು. ಕೂಸು ಕಣ್ಣು ಬಿಟ್ಟು ಸುತ್ತ ನೋಡಿತು. ನಲವತ್ತೊಂದನೇ ಚಮಚಕ್ಕೆ ಬಾಯಿ ಮುಚ್ಚಿಕೊಂಡು, ಕೈಯಿಂದ ಚಮಚ ತಳ್ಳಿ, ತಾಯಿಯ ಬ್ಯಾಗಿನ ಕಡೆ ಬೆರಳು ಚಾಚಿತು.

"ಬಿಸ್ಕೀಟು!"